ಬಾದಾಮಿಯ ಅಭ್ಯಂಜನ

ಎಲ್ಲಕ್ಕೂ ಕಾರಣ ಒಂದು ಬಂಗುಡೆಯ ತಲೆ.

ಭಾನುವಾರ ಬೆಳಿಗ್ಗೆ ಥಾಣೆಯ ವರ್ತಕ ನಗರದ ಮೀನು ಮಾರ್ಕೆಟ್ಟಿನ ಹಿಂಬದಿಯಲ್ಲಿ ಯಾರೋ ಅದನ್ನು ಎಸೆದಿದ್ದರು. ಸುತ್ತಲೂ ಮೀನಿನ ಕರುಳು, ಸಿಗಡಿಯ ಸಿಪ್ಪೆ, ಕರಗಿದ ಐಸಿನ ಕಪ್ಪು ನೀರು ಎಲ್ಲ ಸೇರಿ ಸಣ್ಣದೊಂದು ಕೆರೆಯೇ ಆಗಿತ್ತು. ಭುಜಂಗ ಸಾಲಿಯಾನರ ಕೈಯಲ್ಲಿ ಹಗ್ಗದ ಒಂದು ತುದಿ ಇತ್ತು, ಇನ್ನೊಂದು ತುದಿಯಲ್ಲಿ ಬಾದಾಮಿ ಎಂಬ ಲ್ಯಾಬ್ರಡಾರ್ ನಾಯಿ ಇತ್ತು. ಬಾದಾಮಿ ಬಂಗುಡೆಯ ತಲೆಯನ್ನು ನೋಡಿತು. ಬಂಗುಡೆಯ ತಲೆ ಬಾದಾಮಿಯನ್ನು ನೋಡಿತು. ಮರುಕ್ಷಣ ಸಾಲಿಯಾನರ ಕೈ ಖಾಲಿ. ನಾಯಿ ಆ ಕೆರೆಯಲ್ಲಿ ಬೆನ್ನು ಊರಿ, ನಾಲ್ಕು ಕಾಲನ್ನೂ ಆಕಾಶಕ್ಕೆತ್ತಿ, ಹರಕೆ ಹೊತ್ತ ಭಕ್ತನಂತೆ ಉರುಳುಸೇವೆಗೆ ಇಳಿದಿತ್ತು.

ಸ್ವಂತ ನಾಯಿಯಾಗಿದ್ದರೆ ಎರಡು ಬೈದು, ಮೂಗು ಮುಚ್ಚಿಕೊಂಡು ಎಳೆದೊಯ್ಯಬಹುದಿತ್ತು. ಆದರೆ ಅದು ಕಶ್ಯಪ್ ಸಾಹೇಬರ ನಾಯಿ. ಸಾಲಿಯಾನರು ಲೋಕಲ್ ರೈಲು ಹಿಡಿದು ಹೋಗಬೇಕಾದ ತುರ್ಭೆಯ ಮಸಾಲೆ ಕಂಪನಿಯೊಂದರ ಗೋದಾಮು ನೋಡಿಕೊಳ್ಳುವವರು, ಕಶ್ಯಪ್ ಆ ಕಂಪನಿಯ ಮ್ಯಾನೇಜರು. ಒಣಮೆಣಸಿನ ಮೂಟೆಗಳ ನಡುವೆ ವರ್ಷಗಟ್ಟಲೆ ದುಡಿದು ಸಾಲಿಯಾನರ ಮೂಗು ಕೆಟ್ಟುಹೋಗಿತ್ತು. ಫೋನ್ ಎತ್ತಿದರೆ ಹಲೋಗಿಂತ ಮೊದಲು ಸೀನು ಬರುತ್ತಿತ್ತು. ಈಗ ಥಾಣೆಯಲ್ಲಿ, ಅವರ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಕಂಪನಿಯ ಹೊಸ ಆಫೀಸು ತೆರೆಯುವುದಿತ್ತು. ಗಾಜಿನ ಬಾಗಿಲು, ಏಸಿ, ಮೆಣಸಿನ ಧೂಳು ಹೆಸರಿಗೂ ಇಲ್ಲ. ಗೋದಾಮಿನಿಂದ ಅಲ್ಲಿಗೆ ಒಬ್ಬರನ್ನು ಮಾತ್ರ ಕಳಿಸುವುದು ಎಂದಾಗಿತ್ತು. ಕಣ್ಣಿಟ್ಟು ಕೂತವರು ಇಬ್ಬರು: ಸಾಲಿಯಾನರು, ಮತ್ತು ಅವರ ಕೈಕೆಳಗಿನ ಡೊಂಬಿವಿಲಿಯ ಹುಡುಗ ತರುಣ್.

ಶುಕ್ರವಾರ ಸಂಜೆ ಕಶ್ಯಪ್ ತಾವೇ ಕಾರಿನಲ್ಲಿ ಬಂದು ನಾಯಿಯನ್ನು ಬಿಟ್ಟು ಹೋಗಿದ್ದರು. "ಪುಣೇಲಿ ಮದುವೆ ಇದೆ ಸಾಲಿಯಾನ್. ಭಾನುವಾರ ಸಂಜೆ ಬಂದು ಕರ್ಕೊಂಡು ಹೋಗ್ತೀನಿ. ಇವನು ಬಹಳ ಶಾಂತ, ಋಷಿ ಇದ್ದ ಹಾಗೆ. ಆ ಥಾಣೆ ವಿಷ್ಯಾನೂ ಅವತ್ತೇ ಹೇಳ್ಬಿಡ್ತೀನಿ," ಎಂದಿದ್ದರು. ಕೊನೆಯ ಮಾತು ಕಿವಿಗೆ ಬಿದ್ದದ್ದೇ ಸಾಲಿಯಾನರು ಋಷಿಯ ಹಗ್ಗವನ್ನು ಎರಡೂ ಕೈಯಲ್ಲಿ ತೀರ್ಥದಂತೆ ಸ್ವೀಕರಿಸಿದ್ದರು.

ಈಗ ಆ ಋಷಿಯನ್ನು ಎಳೆದುಕೊಂಡು ಬಿಲ್ಡಿಂಗಿಗೆ ಬಂದರೆ, ಲಿಫ್ಟಿನಲ್ಲಿದ್ದವರು ಲಿಫ್ಟನ್ನು ಇವರಿಗೇ ಬಿಟ್ಟುಕೊಟ್ಟು ಮೆಟ್ಟಿಲು ಹಿಡಿದರು. ಮನೆಯ ಬಾಗಿಲು ತೆಗೆದ ಹೆಂಡತಿ ಜಯಲತಾ ಮರುಕ್ಷಣವೇ ಮುಚ್ಚಿದರು.

"ಜಯಾ, ಬಾಗಿಲು ತೆಗಿ ಮಾರಾಯ್ತಿ!"

"ಎಂತದ್ದು ಇವ್ರೆ ಅದು? ನಾಯಿಯಾ, ಮೀನಿನ ಬುಟ್ಟಿಯಾ?"

"ಬಿದ್ದು ಹೊರಳಾಡಿತು. ನಾನು ಎಂತ ಮಾಡುದು?"

"ಸಾಹೇಬ್ರು ಸಂಜೆಗೆ ಬರ್ತಾರೆ. ಈ ಅವತಾರದಲ್ಲಿ ಕೊಟ್ರೆ ನಿಮ್ಮನ್ನು ಥಾಣೆಗಲ್ಲ, ಎಲ್ಲಿಗೆ ಕಳಿಸ್ತಾರೋ ದೇವರಿಗೇ ಗೊತ್ತು."

ಒಳಗಿನಿಂದ ಮಗಳು ನಿಕಿತಾ ಇಣುಕಿ, "ಪಪ್ಪಾ, ಪ್ಲೀಸ್, ಇಸ್‌ಕೋ ನಹಲಾವೋ ಪೆಹಲೇ," ಎಂದು ಮೂಗಿಗೆ ದುಪಟ್ಟಾ ಒತ್ತಿಕೊಂಡಳು. ಮೊದಲು ಸ್ನಾನ ಮಾಡಿಸಿ ಎಂಬುದು ಅವಳ ತೀರ್ಪು. ಬಾಗಿಲು ತೆರೆಯಿತು, ಬಚ್ಚಲಿನವರೆಗೆ ಮಾತ್ರ.

ಸಾಲಿಯಾನರು ಜನ್ಮದಲ್ಲಿ ನಾಯಿಗೆ ಸ್ನಾನ ಮಾಡಿಸಿದವರಲ್ಲ. ಕರಾವಳಿಯ ಅವರ ಊರಲ್ಲಿ ನಾಯಿಗಳು ಮಳೆಗಾಲಕ್ಕೊಮ್ಮೆ ತಾವಾಗಿ ತೊಳೆದುಕೊಳ್ಳುತ್ತಿದ್ದವು.

"ತರುಣನಿಗೆ ಫೋನ್ ಮಾಡಿ ಕೇಳಿ," ಎಂದರು ಜಯಲತಾ. "ಹೋದ ತಿಂಗಳು ಇದು ಅವನ ಮನೆಯಲ್ಲಿತ್ತಲ್ಲ?"

ತರುಣ್ ಫೋನ್ ಎತ್ತಿದವನೇ ವಿಷಯ ಕೇಳಿ ಗಾಬರಿಯಾದ. "ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೇನೆ, ಅದಕ್ಕೆ ನೀರು ಮುಟ್ಟಿಸ್ಬೇಡಿ. ಹೇಗುಂಟೋ ಹಾಗೇ ವಾಪಸ್ ಕೊಟ್ಟುಬಿಡಿ. ನಾನು ಹಾಗೇ ಮಾಡಿದ್ದು."

"ವಾಸನೆ ಬರ್ತದಲ್ಲ ಮಾರಾಯ?"

"ಬರ್ಲಿ ಅಣ್ಣಾ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಸಾಲಿಯಾನರು ಫೋನಿಟ್ಟು ಕಹಿ ನಗೆ ನಕ್ಕರು. "ನೋಡಿದ್ಯಾ ಜಯಾ? ಕೊಳಕು ನಾಯಿ ಕೊಟ್ಟು ನಾನು ಸಾಹೇಬ್ರ ಕೈಯಲ್ಲಿ ಬೈಸ್ಕೊಳ್ಬೇಕು, ಇವ ಥಾಣೆಯ ಏಸಿಯಲ್ಲಿ ಕೂರಬೇಕು. ಇನ್ನು ನೋಡು. ಈ ನಾಯಿಯನ್ನು ಬೆಳ್ಳಿ ಪಾತ್ರೆ ಹಾಗೆ ಬೆಳಗಿ ಕೊಡದಿದ್ರೆ ನನ್ನ ಹೆಸರು ಭುಜಂಗ ಅಲ್ಲ."

ಪ್ರತಿಜ್ಞೆ ಮುಗಿಯುವಷ್ಟರಲ್ಲಿ ಮೇಲಿನ ಮಹಡಿಯ ಜಗನ್ನಾಥ ರಾಯರು ವಾಸನೆಯ ಜಾಡು ಹಿಡಿದು ಇಳಿದು ಬಂದರು. ಮೈಸೂರಿನವರು, ಫೈನಾನ್ಸ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಪ್ರಪಂಚದ ಯಾವ ಕೆಲಸವಾದರೂ ಅವರ ಮೊಬೈಲಿನಲ್ಲಿ ಅದಕ್ಕೊಂದು ವಿಡಿಯೋ ಇರುತ್ತಿತ್ತು. ಅಂಥ ವಿಡಿಯೋಗಳನ್ನು ನೋಡಿ ಅವರು ತಮ್ಮ ಮನೆಯ ಮಿಕ್ಸಿ, ಗೀಸರು ಮತ್ತು ಹೆಂಡತಿ ನಳಿನಿಯವರ ಹೊಲಿಗೆ ಯಂತ್ರವನ್ನು ರಿಪೇರಿ ಮಾಡಿದ್ದರು. ಮೂರನ್ನೂ ಆಮೇಲೆ ಹೊಸದು ತರಬೇಕಾಯಿತು.

"ನಾಯಿ ಸ್ನಾನ ಅಂದ್ರೆ ಯುದ್ಧ ಅಲ್ಲ ಸಾಲಿಯಾನ್ರೇ, ಧ್ಯಾನ," ಎಂದರು ರಾಯರು. "ಇಲ್ನೋಡಿ. ಉಗುರುಬೆಚ್ಚಗಿನ ನೀರು. ಮೆತ್ತಗಿನ ದನಿ. ಕಾಲು ಜಾರದ ಹಾಗೆ ಕೆಳಗೊಂದು ಮ್ಯಾಟು. ಗೋಡೆಗೆ ಪೀನಟ್ ಬಟರ್ ಸವರಬೇಕು. ಅದು ನೆಕ್ತಾ ಇರತ್ತೆ, ನೀವು ಉಜ್ತಾ ಇರ್ತೀರಿ. ಅದಕ್ಕೆ ಸ್ನಾನ ಆಗಿದ್ದೇ ಗೊತ್ತಾಗಲ್ಲ."

ಪೀನಟ್ ಬಟರ್ ಮನೆಯಲ್ಲಿರಲಿಲ್ಲ. ಜಯಲತಾ ನೆಲಗಡಲೆಗೆ ಬೆಲ್ಲ ಹಾಕಿ ರುಬ್ಬಿ ಕೊಟ್ಟರು. ಸಾಲಿಯಾನರು ಬನಿಯನ್-ಚಡ್ಡಿಯಲ್ಲಿ ನಿಂತು, ಹೊಸ ಟೈಲ್ಸಿನ ಮೇಲೆ ಅದನ್ನು ಗಾರೆಯವನಂತೆ ಮೆತ್ತಿದರು. ನಿಕಿತಾ ಅಂಗಡಿಯಿಂದ ನಾಯಿ ಶಾಂಪೂ ತಂದಳು. ರಾಯರು ಬಚ್ಚಲ ಹೊಸ್ತಿಲಲ್ಲಿ ಮೋರಿ ನೀರು ಕಾಲಿಗೆ ತಾಗದಷ್ಟು ದೂರದಲ್ಲಿ ಸ್ಟೂಲು ಹಾಕಿ ಕೂತರು. ಬಾದಾಮಿ ಗೋಡೆಗೆ ನಾಲಿಗೆ ಹಚ್ಚಿತು. ಪರಮ ಶಾಂತಿ.

"ಈಗ ದನಿ," ಎಂದು ರಾಯರು ಪಿಸುಗುಟ್ಟಿದರು.

"ಬಾದಾಮಿ... ಬಂಗಾರ... ಎಂತ ಆಗುದಿಲ್ಲ ಮಗಾ..." ಎಂದು ಸಾಲಿಯಾನರು ಮಗುವನ್ನು ಮಲಗಿಸುವ ರಾಗದಲ್ಲಿ ಹಾಡುತ್ತಾ ಒಂದು ಚೊಂಬು ನೀರನ್ನು ಅದರ ಬೆನ್ನಿಗೆ ಹೊಯ್ದರು.

ಋಷಿ ಕೋಣವಾಯಿತು. ಮೊದಲ ನೆಗೆತಕ್ಕೆ ಬಕೆಟ್ಟು ಮಗುಚಿತು. ಎರಡನೆಯದಕ್ಕೆ ಸಾಲಿಯಾನರೇ ಮಗುಚಿದರು. ಆದರೂ ಥಾಣೆಯ ಏಸಿಯನ್ನು ನೆನೆದು, ಬಿದ್ದಲ್ಲಿಂದಲೇ ಅದರ ಕುತ್ತಿಗೆ ತಬ್ಬಿ ಅರ್ಧ ಬಾಟಲಿ ಶಾಂಪೂ ಸುರಿದು ತಿಕ್ಕಿದರು. ಅದು ಮೈ ಒದರಿದಾಗ ನೊರೆ ನಾಲ್ಕೂ ದಿಕ್ಕಿಗೆ ಹಾರಿ ರಾಯರ ಕನ್ನಡಕಕ್ಕೆ ಸುಣ್ಣ ಬಳಿದಂತಾಯಿತು.

"ಕಾಮ್ ಆಗಿರಿ ಸಾಲಿಯಾನ್ರೇ! ನಿಮ್ಮ ಟೆನ್ಶನ್ ಅದಕ್ಕೆ ಗೊತ್ತಾಗತ್ತೆ!"

"ನನಗೆ ಟೆನ್ಶನ್ ಇಲ್ಲ ಮಾರಾಯ್ರೆ! ಅದರ ಟೆನ್ಶನ್ ನನಗೆ ಗೊತ್ತಾಗ್ತಾ ಉಂಟು!"

ಆ ಹೊತ್ತಿಗೇ ಕೆಳಗಿನ ಮನೆಯ ವಾರಿಜಕ್ಕ ಕೈಯಲ್ಲಿ ಎಣ್ಣೆ ಗಿಂಡಿ ಹಿಡಿದು ಮುಂಬಾಗಿಲು ತಳ್ಳಿ ಒಳಬಂದರು. ಊರ ಕಡೆಯ ಹಿರಿಯ ಹೆಂಗಸು, ಬಿಲ್ಡಿಂಗಿನ ಬಾಣಂತಿಯರಿಗೆಲ್ಲ ಎಣ್ಣೆ ಹಚ್ಚಿ ಮೀಯಿಸಿದ ಅನುಭವಸ್ಥೆ. "ಎಣ್ಣೆ ಹಾಕದೆ ಸೋಪು ಹಾಕ್ಲಿಕ್ಕೆ ಉಂಟಾ ಭುಜಂಗಣ್ಣ? ಮೈ ಒಡಿಯುದಿಲ್ವಾ ಪಾಪದ್ದಕ್ಕೆ? ಮೊದಲು ಎಣ್ಣೆ, ಮತ್ತೆ..."

ವಾಕ್ಯ ಅಲ್ಲಿಗೇ ನಿಂತಿತು. ನೊರೆಯ ದೊಡ್ಡದೊಂದು ಮೋಡ ರಾಯರ ಸ್ಟೂಲಿನ ಕಾಲುಗಳ ನಡುವೆ ನುಗ್ಗಿ, ವಾರಿಜಕ್ಕನ ಸೀರೆಯ ಅಂಚು ಸವರಿ, ತೆರೆದ ಬಾಗಿಲಿನಿಂದ ಹೊರಬಿತ್ತು. ರಾಯರು ಸ್ಟೂಲಿನ ಸಮೇತ ಕೆಳಗೆ ಕೂತರು. ಗಿಂಡಿಯ ಎಣ್ಣೆ ನೆಲಕ್ಕೆ ಚೆಲ್ಲಿತು. ನಾಯಿಯ ಹಿಂದೆ ಓಡಿದ ಸಾಲಿಯಾನರ ಕಾಲು ಆ ಎಣ್ಣೆಯ ಮೇಲೆಯೇ ಬಿತ್ತು. ಹೊಸ್ತಿಲಿನವರೆಗಿನ ದಾರಿಯನ್ನು ಅವರು ಓಡದೆಯೇ ತಲುಪಿದರು.

ಮೆಟ್ಟಿಲುಗಳ ಮೇಲೆಲ್ಲ ನೊರೆಯ ಹೆಜ್ಜೆಗಳು. ಆ ಜಾಡು ಹಿಡಿದು ಪಾರ್ಕಿಂಗಿಗೆ ಬಂದರೆ ಅಲ್ಲಿ ಸೊಸೈಟಿಯ ಸೆಕ್ರೆಟರಿ ಗೋಡ್ಬೋಲೆ ಕಾಕಾ ಪೈಪು ಹಿಡಿದು ತಮ್ಮ ಬಿಳಿ ಕಾರನ್ನು ತೊಳೆದು ಮುಗಿಸಿ, ದೂರ ನಿಂತು ಅದರ ಅಂದ ನೋಡುತ್ತಿದ್ದರು. ಬಾದಾಮಿ ಆ ಕಾರಿನ ಬಾನೆಟ್ಟಿನ ಮೇಲೆ ಹತ್ತಿ ನಿಂತು, ಮೀನಿನ ವಾಸನೆಯ ನೊರೆಯನ್ನು ಗಾಜಿನ ತುಂಬ ಒದರಿತು.

"ಸಾಲಿಯಾನ್! ಹೇ ಕೋಣಾಚಂ ಕುತ್ರಂ?" ಯಾರ ನಾಯಿ ಇದು ಎಂಬ ಕಾಕಾರ ಕೂಗಿಗೆ ಎಲ್ಲ ಮಹಡಿಯ ಬಾಲ್ಕನಿಗಳೂ ತುಂಬಿದವು.

"ಸಾಹೇಬಾಂಚಂ ಕಾಕಾ, ಸಾಹೇಬಾಂಚಂ!" ಎನ್ನುತ್ತಾ ಸಾಲಿಯಾನರು ಒದ್ದೆ ಚಡ್ಡಿಯಲ್ಲಿ ಕೈಮುಗಿದು ನಿಂತರು.

ಕೋಪದಿಂದ ಕಾಕಾ ನಾಯಿಯತ್ತ ಪೈಪು ತಿರುಗಿಸಿದರು. ನಾಯಿ ಚಂಗನೆ ಕೆಳಗೆ ನೆಗೆಯಿತು. ಪೈಪಿನ ನೀರು ನೇರ ಸಾಲಿಯಾನರ ಎದೆಗೆ ಬಡಿಯಿತು. ತಲೆಯಿಂದ ಕಾಲಿನವರೆಗೆ ತೊಯ್ದು, ಬಾಯಿಂದ ನೀರು ಉಗುಳುತ್ತಾ ಅವರು ನೆಲಕ್ಕೆ ಕುಕ್ಕರಿಸಿದರು.

ಆಗ ಒಂದು ವಿಚಿತ್ರ ನಡೆಯಿತು. ಓಡಿಹೋಗುತ್ತಿದ್ದ ಬಾದಾಮಿ ನಿಂತಿತು. ತಿರುಗಿ ಸಾಲಿಯಾನರನ್ನು ನೋಡಿತು. ನಿಧಾನವಾಗಿ ಬಂದು, ಅವರ ಪಕ್ಕದಲ್ಲಿ ಕೂತು, ಒದ್ದೆ ಭುಜಕ್ಕೆ ತಲೆಯಾನಿಸಿತು. ಅವರ ಮೇಲೆ ಬಿದ್ದು ಚಿಮ್ಮಿದ ನೀರು ತನ್ನ ಮೈಗೆ ತಾಗಿದರೂ ಮಿಸುಕಲಿಲ್ಲ. ಸಾಲಿಯಾನರು ಅಂಗೈಯಲ್ಲಿ ನೀರು ಹಿಡಿದು ಮೊದಲು ತಮ್ಮ ತಲೆಗೆ ಹಾಕಿಕೊಂಡು, ಮತ್ತೆ ಅದರ ತಲೆಗೆ ಹಾಕಿದರು. ಬಾದಾಮಿ ಕಣ್ಣು ಮುಚ್ಚಿತು.

"ಅಯ್ಯೋ ದೇವರೇ," ಎಂದು ಸಾಲಿಯಾನರು ಮೆಲ್ಲನೆ ಅಂದರು. "ಇದಕ್ಕೆ ಒಬ್ಬನೇ ಮೀಯ್ಲಿಕ್ಕೆ ಹೆದರಿಕೆ!"

ಕಾಕಾ ಪೈಪನ್ನು ಅಲ್ಲೇ ಬಿಸಾಡಿ ದಂಡ ಹಾಕುವ ಮಾತಾಡುತ್ತಾ ಮೇಲೆ ಹೋದರು. ಸಾಲಿಯಾನರು ನಾಯಿಯ ಹೆಗಲ ಮೇಲೆ ಕೈಹಾಕಿಕೊಂಡು ಮತ್ತೆ ಬಚ್ಚಲಿಗೆ ಬಂದರು. ಈ ಬಾರಿ ಇಬ್ಬರಿಗೂ ಸ್ನಾನ. ಒಂದು ಚೊಂಬು ಅವರಿಗೆ, ಒಂದು ಚೊಂಬು ಅದಕ್ಕೆ. ಬಾದಾಮಿ ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟು. ತನಗೆ ಎರಡು ಚೊಂಬು ಬಿದ್ದು ಅವರಿಗೆ ಒಂದೇ ಬಿದ್ದರೆ ಗುರ್ ಎನ್ನುತ್ತಿತ್ತು. ಶಾಂಪೂ ವಿಷಯದಲ್ಲೂ ಹಾಗೇ. ಹೀಗಾಗಿ ನಾಯಿಯ ಶಾಂಪೂ ಸಾಲಿಯಾನರ ಬೋಳು ನೆತ್ತಿಗೂ ಬಿತ್ತು. ನಿಕಿತಾ ಬಾಗಿಲ ಸಂದಿಯಿಂದ ಮೊಬೈಲು ಹಿಡಿದು, ನಗು ತಡೆಯಲು ತುಟಿ ಕಚ್ಚಿಕೊಂಡು ವಿಡಿಯೋ ಮಾಡಿದಳು.

ಇಬ್ಬರೂ ಅಡಿಯಿಂದ ಮುಡಿಯವರೆಗೆ ನೊರೆಯಾಗಿ ಕೂತಿದ್ದಾಗ ನಲ್ಲಿ ಕೆಮ್ಮಿತು, ಉಸಿರುಬಿಟ್ಟಿತು, ನಿಂತುಹೋಯಿತು. ಪಾರ್ಕಿಂಗಿನಲ್ಲಿ ಕಾಕಾ ಬಿಸಾಡಿ ಹೋದ ಪೈಪನ್ನು ಯಾರೂ ನಿಲ್ಲಿಸಿರಲಿಲ್ಲ. ಮೇಲಿನ ಟ್ಯಾಂಕಿಯ ನೀರೆಲ್ಲ ರಸ್ತೆ ಸೇರಿತ್ತು.

"ಜಯಾ! ನೀರು!"

ಸುದ್ದಿ ಮಹಡಿಯಿಂದ ಮಹಡಿಗೆ ಹಬ್ಬಿತು. ವಾರಿಜಕ್ಕ ಕುಡಿಯಲು ತುಂಬಿಸಿಟ್ಟ ಕೊಡ ಹೊತ್ತು ತಂದರು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡ ರಾಯರು, ವಿಡಿಯೋದಲ್ಲಿ ಇಲ್ಲದ ಈ ಸಂಗತಿಗೆ ತಾವು ಹೊಣೆಯಲ್ಲ ಎನ್ನುತ್ತಲೇ ನಳಿನಿಯವರ ಕೈಯಲ್ಲಿ ಅಕ್ವಾಗಾರ್ಡಿನ ನೀರು ಕಳಿಸಿಕೊಟ್ಟರು. ಬಿಲ್ಡಿಂಗಿನ ಅರ್ಧ ಜನ ಪಾತ್ರೆ ಹಿಡಿದು ಸಾಲಾಗಿ ಬಂದು, ನೀರು ಕೊಡುವ ನೆಪದಲ್ಲಿ ಸಾಲಿಯಾನರು ನಾಯಿಯ ಜೊತೆ ಮೀಯುವುದನ್ನು ಕಣ್ತುಂಬ ನೋಡಿಕೊಂಡು ಹೋದರು.

ಮಧ್ಯಾಹ್ನದ ಬಿಸಿಲಿಗೆ ಬಾದಾಮಿ ಬಾಲ್ಕನಿಯಲ್ಲಿ ಒಣಗಿತು. ಒಣಗಿದಂತೆಲ್ಲ ಜಯಲತಾರ ಮುಖ ಬಾಡಿತು.

"ಇವ್ರೆ, ಇಲ್ಲಿ ಬನ್ನಿ. ಇದರ ಬಣ್ಣ ಹೋಯ್ತು!"

ಸಾಲಿಯಾನರು ಓಡಿಬಂದು ನೋಡಿದರು. ಶುಕ್ರವಾರ ಬಂದದ್ದು ಬಾದಾಮಿ ಬಣ್ಣದ ನಾಯಿ. ಈಗ ನಿಂತಿರುವುದು ಹಾಲಿನ ಕೆನೆಯಂಥ ನಾಯಿ. ಅದರ ಸುತ್ತ ಒಂದು ಸುತ್ತು ಹಾಕಿದರು. "ಸಾಹೇಬ್ರ ನಾಯಿ ಕಳೆದು ಬೇರೆ ನಾಯಿ ತಂದು ಕಟ್ಟಿದ್ದು ಅಂತ ಹೇಳಿದ್ರೆ?"

"ಟೀ ಡಿಕಾಕ್ಷನ್ ಹಚ್ಚಿ," ಎಂದು ಮೇಲಿನಿಂದ ರಾಯರ ದನಿ ಕೇಳಿತು. "ಒಂದು ವಿಡಿಯೋ ಇದೆ..."

ಜಯಲತಾ ಬಾಲ್ಕನಿಯ ಬಾಗಿಲು ಹಾಕಿದರು.

ಸಂಜೆ ಕಶ್ಯಪ್ ಬಂದರು. ನೀರು ಕೊಟ್ಟ ಹಕ್ಕಿನಿಂದ ಅಕ್ಕಪಕ್ಕದವರೆಲ್ಲ ಆಗಲೇ ಬಾಗಿಲಲ್ಲಿ ಜಮೆಯಾಗಿದ್ದರು. ನಾಯಿಯನ್ನು ಕಂಡ ಸಾಹೇಬರು ಹೊಸ್ತಿಲಲ್ಲೇ ನಿಂತುಬಿಟ್ಟರು.

"ಸಾಲಿಯಾನ್... ಇದು ನಮ್ಮ ಬಾದಾಮಿನಾ?"

"ಹೌದು ಸರ್. ದೇವರಾಣೆಗೂ ಅದೇ ಸರ್. ಸ್ವಲ್ಪ ಬಣ್ಣ..."

ಬಾದಾಮಿ ಬಾಲ ಆಡಿಸುತ್ತಾ ಹೋಗಿ ಒಡೆಯನ ಎದೆಗೆ ಕಾಲು ಕೊಟ್ಟಿತು. ಕಶ್ಯಪ್ ಅದರ ಕುತ್ತಿಗೆಗೆ ಮುಖ ಹುದುಗಿಸಿ ಮೂಸಿದರು. ತಲೆ ಎತ್ತಿದಾಗ ಅವರ ಕಣ್ಣು ತೇವವಾಗಿತ್ತು.

"ಮರಿಯಾಗಿ ತಂದಾಗ ಇವನು ಇದೇ ಬಣ್ಣ ಇದ್ದ ಸಾಲಿಯಾನ್. ಆಗ ಇವನ ಹೆಸರು ಮಲಾಯಿ, ಕೆನೆ ಅಂತ. ಒಬ್ಬರ ಕೈಲೂ ಸ್ನಾನ ಮಾಡಿಸ್ಕೊಳ್ಳಲಿಲ್ಲ. ನಾಯಿ ಪಾರ್ಲರಿನವರು ಇವನ ಫೋಟೋ ಹಾಕ್ಕೊಂಡು ಒಳಗೆ ಬಿಡ್ಬೇಡಿ ಅಂತ ಬರೆದಿದಾರೆ. ಕೊನೆಗೆ ಮೈ ಬಣ್ಣಕ್ಕೆ ತಕ್ಕ ಹಾಗೆ ಹೆಸರೇ ಬದಲಾಯಿಸಿದ್ವಿ. ಹೇಗ್ರೀ ಮಾಡಿದ್ರಿ?"

ಸಾಲಿಯಾನರಿಗೆ ನಾಚಿಕೆಯಾಯಿತು. "ಸ್ವಲ್ಪ ಪ್ರೀತಿಯಿಂದ, ಸರ್," ಎಂದರು.

"ಅಂಕಲ್, ಯೇ ದೇಖೋ," ಎಂದು ನಿಕಿತಾ ಮೊಬೈಲು ಮುಂದೆ ಹಿಡಿದೇಬಿಟ್ಟಳು. ಸಾಲಿಯಾನರು ಕಣ್ಣಲ್ಲೇ ಬೇಡ ಎಂದದ್ದು ಯಾರಿಗೂ ಕಾಣಲಿಲ್ಲ. ಕಶ್ಯಪ್ ಒಳಬಂದು ಕೂತು ವಿಡಿಯೋವನ್ನು ಕೊನೆಯವರೆಗೂ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು.

"ಅದ್ಭುತ," ಎಂದರು ಮೊಬೈಲು ಮರಳಿಸುತ್ತಾ. "ಇಷ್ಟು ನಿಷ್ಠೆ ನಾನು ಯಾವ ಮನುಷ್ಯನಲ್ಲೂ ನೋಡಿಲ್ಲ. ಥಾಣೆ ವಿಷ್ಯ ಹೇಳ್ತೀನಿ ಅಂದಿದ್ದೆ ಅಲ್ವಾ?"

ಬಾಗಿಲಲ್ಲಿದ್ದವರೆಲ್ಲ ಒಂದು ಹೆಜ್ಜೆ ಒಳಬಂದರು. ಜಯಲತಾ ಸೆರಗು ಸರಿಮಾಡಿಕೊಂಡು, ಕಾಫಿಯ ಜೊತೆಗೆ ಬಾಯಿ ಸಿಹಿ ಮಾಡಲು ಸಕ್ಕರೆಯನ್ನೂ ತಂದರು.

"ಪುಣೆಯಿಂದ ಬರ್ತಾ ದಾರಿಲಿ ಕೂಡ ಥಾಣೆಗೆ ನಿಮ್ಮ ಹೆಸರೇ ನನ್ನ ಮನಸ್ಸಲ್ಲಿತ್ತು. ಸೀನಿಯರು, ಮೂಗಿನ ತೊಂದರೆ ಬೇರೆ. ಆದ್ರೆ ಈಗ ಇದನ್ನ ನೋಡಿದ ಮೇಲೆ..." ಕಶ್ಯಪ್ ಎದ್ದು ಸಾಲಿಯಾನರ ಎರಡೂ ಕೈ ಹಿಡಿದುಕೊಂಡರು. "ನಿಮ್ಮಂಥವರನ್ನ ಅಷ್ಟು ದೂರ ಕಳ್ಸೋಕೆ ಮನಸ್ಸು ಬರಲ್ಲ ರೀ. ನಮ್ಮನೆ ಇರೋದು ನೆರೂಳಲ್ಲಿ. ನೀವು ತುರ್ಭೆ ಗೋದಾಮಲ್ಲೇ ಇದ್ರೆ ಶನಿವಾರ ಡ್ಯೂಟಿ ಮುಗಿಸ್ಕೊಂಡು ಹಾಗೇ ನಮ್ಮನೆಗೆ ಬಂದ್ಬಿಡ್ಬಹುದು. ಎರಡೋ ಮೂರೋ ಸ್ಟೇಷನ್ನು, ಅಷ್ಟೆ. ನೀವು, ಇವನು, ಒಂದು ಸ್ನಾನ. ಆಮೇಲೆ ಊಟ ನಮ್ಮಲ್ಲೇ."

"ಸರ್... ಥಾಣೆಗೆ ಮತ್ತೆ ಯಾರು?" ಸಾಲಿಯಾನರ ದನಿ ನಿಂತ ನಲ್ಲಿಯಂತಿತ್ತು.

"ತರುಣ್‌ನ ಕಳಿಸ್ತೀನಿ. ಹೋದ ತಿಂಗಳು ಇವನನ್ನ ಅವನ ಹತ್ರ ಬಿಟ್ಟಿದ್ದೆ, ಒಂದು ಚೊಂಬು ನೀರೂ ಹಾಕಿರ್ಲಿಲ್ಲ. ಅಂಥವನನ್ನ ಹತ್ತಿರ ಇಟ್ಕೊಂಡು ಏನ್ರೀ ಪ್ರಯೋಜನ? ದೂರ ಇರ್ಲಿ."

ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದಿದ್ದ ಹುಡುಗ ನಿಜವಾಗಿಯೂ ಒಳ್ಳೆಯದಕ್ಕೇ ಹೇಳಿದ್ದ. ಸಾಲಿಯಾನರು ಇಡೀ ದಿನದಲ್ಲಿ ಮೊದಲ ಬಾರಿಗೆ ಗೋಡೆಯ ಆಸರೆಗೆ ಕೈ ಚಾಚಿದರು. ಚಾಚಿದ ಕೈಗೆ ಜಯಲತಾ ಬಿಸಿ ಕಾಫಿಯ ಲೋಟ ತುರುಕಿದರು.

"ಸರ್, ಒಂದು ಮಾತು," ಎಂದು ಸಾಲಿಯಾನರು ಕೊನೆಯ ಪ್ರಯತ್ನ ಮಾಡಿದರು. "ಇದು ಬಹಳ ಸುಲಭ ಸರ್. ನೀವೇ ಅದರ ಜೊತೆ ಕೂತು ಮೈಮೇಲೆ ನೀರು ಹಾಕ್ಕೊಂಡ್ರೆ ಸಾಕು. ಯಾರು ಬೇಕಾದ್ರೂ..."

"ಛೆ ಛೆ. ಎಲ್ಲರ ಕೈಲೂ ಆಗೋ ಕೆಲಸಾನಾ ಇದು?" ಎಂದು ಕಶ್ಯಪ್ ನಕ್ಕರು. ಬಾಗಿಲಲ್ಲಿದ್ದ ಜಗನ್ನಾಥ ರಾಯರು, ಆಗುವುದೇ ಇಲ್ಲ, ಇದಕ್ಕೆ ಪ್ರತಿಭೆ ಬೇಕು ಎಂದು ಗಂಭೀರವಾಗಿ ತಲೆಯಾಡಿಸಿದರು. ವಾರಿಜಕ್ಕ ಹೆಮ್ಮೆಯಿಂದ, "ನಮ್ಮ ಊರಿನವರು," ಎಂದರು.

ಎಲ್ಲರೂ ಸೇರಿ ಸಾಹೇಬರನ್ನು ಕಾರಿನವರೆಗೆ ಬೀಳ್ಕೊಟ್ಟರು. ಕೆನೆಯಂತೆ ಹೊಳೆಯುತ್ತಿದ್ದ ನಾಯಿ ಹಿಂದಿನ ಸೀಟಿನಲ್ಲಿ ಮಹಾರಾಜನಂತೆ ಕೂತು, ಸಾಲಿಯಾನರ ಕೈಯನ್ನು ಪ್ರೀತಿಯಿಂದ ನೆಕ್ಕಿತು. ಕಾರು ಹೊರಟಿತು. ಗೇಟಿನ ಹತ್ತಿರ ಹೋಗಿ ನಿಂತಿತು, ಹಿಂದಕ್ಕೆ ಬಂತು. ಕಶ್ಯಪ್ ಗಾಜು ಇಳಿಸಿದರು.

"ಸಾಲಿಯಾನ್, ಮರೆತೇಬಿಟ್ಟಿದ್ದೆ. ಶನಿವಾರ ಬರೋವಾಗ ಒಂದು ಜೊತೆ ಹಳೇ ಬಟ್ಟೆ ಜಾಸ್ತಿ ತನ್ನಿ."

"ಯಾಕೆ ಸರ್?"

"ನಮ್ಮನೆಯವಳ ಹತ್ರ ಒಂದು ಬೆಕ್ಕಿದೆ. ಅದಕ್ಕೂ ನೀರು ಕಂಡ್ರೆ ಆಗಲ್ಲ."